ಮೂರು ದಿನದ ನಿಯಮ ಮತ್ತು ಸಿದ್ದಪ್ಪ ಕಾಕಾನ ದನಿ

ಶಿವಾನಂದಣ್ಣ ಎಲ್ಲಿ ಮಾತಿಗೆ ನಿಂತರೂ ಈ ಒಂದು ಮಾತು ಹೇಳದೆ ಕೂರುವುದಿಲ್ಲ: “ನಮ್ಮ ಗುಂಪಿನ್ಯಾಗ ಇವತ್ತಿನ ತನಕ ಒಮ್ಮೆನೂ ಜಗಳ ಆಗಿಲ್ರಿ. ಎಲ್ಲಾ ತೀರ್ಮಾನ ಎಲ್ಲಾರೂ ಕೂಡೇ ಮಾಡೇವಿ.” ಜನ ಚಪ್ಪಾಳೆ ತಟ್ಟುತ್ತಾರೆ. ಕಾಲೇಜು ಹುಡುಗರು ಬರೆದುಕೊಳ್ಳುತ್ತಾರೆ.

ಮೊದಲನೆಯ ವಾಕ್ಯ ನಿಜ, ಜಗಳ ಆಗಿಲ್ಲ. ಎರಡನೆಯದಕ್ಕೆ ನನ್ನ ಆಕ್ಷೇಪವಿದೆ. ಎಲ್ಲರೂ ಎಂದರೆ ಯಾರ್ಯಾರು? ಕೂಡಿ ಎಂದರೆ ಎಲ್ಲಿ ಕೂಡಿ? ಒಂದು ತೀರ್ಮಾನದ ಮಟ್ಟಿಗಾದರೂ ನಾನು ಖಚಿತವಾಗಿ ಹೇಳಬಲ್ಲೆ: ಅದನ್ನು ಮಾಡಿದವಳು ನಾನೊಬ್ಬಳೇ. ಉಳಿದವರು ಸುಮ್ಮನಿದ್ದರು, ಅಷ್ಟೆ. ಇದು ಶಿವಾನಂದಣ್ಣನಿಗೂ ಗೊತ್ತು. ಗೊತ್ತಿದ್ದೂ ಆತ ಹಾಗೆ ಹೇಳುವುದು ಯಾಕೆ ಎನ್ನುವುದು ನನಗೆ ಈಚೆಗಷ್ಟೇ ಹೊಳೆಯಿತು.

ಹೋದ ತಿಂಗಳು ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಮುದುಕ ತೊಯ್ದ ಕಂಬಳಿ ಹೊದ್ದು ಬಂದು ಕೂತ. ಹೊರಗೆ ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಜೂದ ಹೆಣ್ಣುಮಗಳು ಸೆರಗು ಮೂಗಿಗೆ ಹಿಡಿದು, “ಅಜ್ಜಾ, ಕಂಬಳಿ ಮಡಚಿ ಇಡ, ವಾಸನಿ ಹೊಡ್ಯಾಕತ್ತೈತಿ” ಅಂದಳು. ಮುದುಕ ತಿರುಗಿಯೂ ನೋಡಲಿಲ್ಲ. “ಕಂಬಳಿ ತೊಯ್ದ್ರ ಕಂಬಳಿ ವಾಸನಿನ ಬರತೈತಿ ಯವ್ವಾ, ಅತ್ತರ ವಾಸನಿ ಬರತೈತೇನು?” ಬಸ್ಸೆಲ್ಲ ನಕ್ಕಿತು. ನನಗೆ ನಗಲಾಗಲಿಲ್ಲ. ಹಸಿ ಉಣ್ಣೆ, ಒಲೆಯ ಹೊಗೆ, ಕುರಿಹಾಲು ಎಲ್ಲ ಬೆರೆತ ಆ ವಾಸನೆಯ ಮೇಲೆ ನಾನು ಒಂದು ಮಳೆಗಾಲದಲ್ಲಿ ಎರಡು ಮೂರು ದಿನ ಕೂತು ಊಟ ಮಾಡಿದ್ದೆ. ಗೋಕಾಕದಲ್ಲಿ ಇಳಿದವಳು ಬಂದ ಕೆಲಸ ಬಿಟ್ಟು ಮಮದಾಪುರದ ಟಂಟಂ ಹತ್ತಿದೆ.

ಆ ವರ್ಷ ನಾನು ಮತ್ತು ಮಾಳವ್ವ ನಿಡಸೋಸಿಯಲ್ಲಿ ಕೊನೆಯ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೆವು. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆ. ಅವಳು ಮಮದಾಪುರದ ಕುರಿಗಾರರ ಮನೆಯ ಹುಡುಗಿ. ಮಾತು ಕಡಿಮೆ. ನಾನು ಹುಕ್ಕೇರಿಯ ಸಾಲಿಮಾಸ್ತರರ ಮಗಳು. ಮಾತು ಎಷ್ಟಿತ್ತೆಂದರೆ, ಕಾಲೇಜಿನ ಚರ್ಚಾಸ್ಪರ್ಧೆಗೆ ಚೀಟಿ ಎತ್ತಿ ಪರ ಬಂದರೂ ಸರಿ, ವಿರೋಧ ಬಂದರೂ ಸರಿ, ಬಹುಮಾನ ನನ್ನದೇ. ವಾದದಲ್ಲಿ ಗೆದ್ದವರ ಕಡೆಗೇ ನಿಜವೂ ಇರುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಆದರೂ ಅದನ್ನು ಎಲ್ಲಿಂದಲೋ ಕಲಿತುಬಿಟ್ಟಿದ್ದೆ.

ನಮ್ಮಿಬ್ಬರನ್ನು ‘ದನಿ’ಗೆ ಕರೆತಂದವನು ಶಿವಾನಂದಣ್ಣ. ಮೂಡಲಗಿಯಲ್ಲಿ ಅವನದೊಂದು ಮೊಬೈಲು ರಿಪೇರಿ ಅಂಗಡಿ. ‘ದನಿ’ ಎನ್ನುವುದು ಫೋನಿನಲ್ಲಿ ಬಂದ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಹತ್ತು ಹನ್ನೆರಡು ಜನ ಸ್ವಯಂಸೇವಕರು, ಪಗಾರವಿಲ್ಲ, ಸಾಹೇಬನಿಲ್ಲ. ಸಾಹೇಬನಿಲ್ಲ ಎಂದರೆ ಒಬ್ಬರು ಹೇಳಿದ ಹಾಗೆ ಉಳಿದವರು ಕೇಳಬೇಕಾಗಿಲ್ಲ ಎಂದಾಯಿತು. ಹಾಗಾದರೆ ತೀರ್ಮಾನ ಮಾಡುವವರು ಯಾರು? ಆಗ ನಡೆಯುತ್ತಿದ್ದ ಪದ್ಧತಿ ಇಷ್ಟೇ. ಭಾನುವಾರ ಅಂಗಡಿಯಲ್ಲಿ ಕೂತವರು ಮಾತಾಡುವುದು, ಶಿವಾನಂದಣ್ಣ ಚಾ ಗ್ಲಾಸು ಕೆಳಗಿಟ್ಟು “ಆತು, ಹಂಗ ಮಾಡೂಣು” ಎನ್ನುವುದು. ಭಾನುವಾರ ಹಾಸ್ಟೆಲ್ಲಿನ ಹುಡುಗಿಯರು ಮೂಡಲಗಿಗೆ ಹೋಗುವ ಹಾಗಿರಲಿಲ್ಲ. ಸೋಮವಾರ ನಮಗೆ ಸುದ್ದಿ ಬರುತ್ತಿತ್ತು: ಎಲ್ಲಾರೂ ಒಪ್ಪಿದ್ರು.

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನನ್ನಜ್ಜ ಚಾವಡಿಯ ಹೊರಗೆ ನಿಂತು ‘ಊರೆಲ್ಲ ಒಪ್ಪೇತಿ’ ಎನ್ನುವುದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದನೋ. ಒಳಗೆ ಕೂರಲು ಅವನಿಗೆ ಜಾಗವಿರಲಿಲ್ಲ, ಒಪ್ಪಿದವರಲ್ಲಿ ಮಾತ್ರ ಅವನೂ ಸೇರಿರುತ್ತಿದ್ದ. ನನ್ನಪ್ಪ ನನಗೆ ಸಣ್ಣಂದಿನಲ್ಲಿ ಕಲಿಸಿದ ಪಾಠ ಒಂದೇ: “ಎಲ್ಲಾರೂ ಅಂತ ಯಾರರ ಅಂದ್ರ, ಹೆಸರ ಹೇಳ್ರಿ ಅಂತ ಕೇಳ ಸುಜಾತಾ. ಒಂದೊಂದ ಹೆಸರ.”

ಶಿವಾನಂದಣ್ಣನಿಗೆ ಫೋನು ಮಾಡಿದೆ. “ಅಣ್ಣಾ, ಇದು ಮುಕ್ತ ತಂತ್ರಾಂಶನೋ, ನಿಮ್ಮ ಅಂಗಡಿ ಕಟ್ಟಿನೋ?”

ಅವನು ನಕ್ಕ. “ಮತ್ತ ನೀನ ಹೇಳವಾ, ಹೆಂಗ ಮಾಡೂಣು?”

ನಾನು ನಿಯಮ ಬರೆದೆ. ಯಾವ ಪ್ರಸ್ತಾಪವಾದರೂ ಎಲ್ಲರಿಗೂ ಕಾಣುವ ಪುಟದಲ್ಲಿ ಬರೆಯಬೇಕು. ಮೂರು ದಿನ ಬಿಡಬೇಕು. ಯಾರೂ ಆಕ್ಷೇಪ ಬರೆಯದಿದ್ದರೆ ಒಪ್ಪಿಗೆಯಾಯಿತೆಂದು ತಿಳಿಯಬೇಕು. ಹೊರಗಿನ ದೊಡ್ಡ ದೊಡ್ಡ ಮುಕ್ತ ತಂತ್ರಾಂಶಗಳೂ ಹೆಚ್ಚುಕಡಿಮೆ ಹೀಗೇ ನಡೆಯುತ್ತವೆ ಎಂದು ಓದಿದ್ದೆ. ಬಿಟ್ಟಿ ದುಡಿಯುವವರನ್ನು ದಿನಾ ಸಭೆಗೆ ಎಳೆಯಲಾಗುವುದಿಲ್ಲ. ಬೇಡ ಎನ್ನುವವರು ಬೇಡ ಎಂದು ಬರೆಯಲಿ, ಉಳಿದವರು ತಮ್ಮ ಕೆಲಸ ನೋಡಿಕೊಳ್ಳಲಿ. ಆ ನಿಯಮದ ಕೆಳಗೆ ಮೊದಲು ‘ಹೂಂ’ ಎಂದು ಬರೆದವಳು ಮಾಳವ್ವ. ಆ ದಿನ ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಇಬ್ಬರೂ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತಿಂದೆವು. “ಇನ್ನ ನಾವೂ ಅದೀವಲೇ” ಅಂದಳು. ಆ ನಿಯಮ ಕೆಟ್ಟದ್ದಾಗಿರಲಿಲ್ಲ. ಇದನ್ನು ಈಗಲೂ ವಾದಿಸಬಲ್ಲೆ.

ಮಾಳವ್ವ ‘ದನಿ’ಗೆ ತಂದದ್ದು ತನ್ನಪ್ಪನನ್ನು. ಸಿದ್ದಪ್ಪ ಕಾಕಾನಿಗೆ ಓದಲು ಬರುವುದಿಲ್ಲ. ಅವಳು ವಾಕ್ಯ ಓದುವಳು, ಆತ ಅದನ್ನು ತನ್ನ ಬಾಯಲ್ಲಿ ಹೇಳುವನು, ಫೋನಿನಲ್ಲಿ ಅದು ದಾಖಲಾಗುವುದು. ಒಂದು ಸಲ ನಾನೂ ಎದುರಿಗಿದ್ದೆ.

“ಯಪ್ಪಾ, ಹೇಳು: ನಾಳೆ ಮಳೆಯಾಗುವ ಸಂಭವವಿದೆ.”

“ನಾಳಿ ಮಳಿ ಬರೂ ಹಂಗ ಐತಿ.”

“ಹಂಗಲ್ಲೋ ಯಪ್ಪಾ. ಸಂಭವವಿದೆ.”

“ಅದನ್ನ ಹೇಳ್ದೆನಲ್ಲವಾ! ಸಂಭವ ಬಂದ್ರೇನು, ಮಳಿ ಬಂದ್ರೇನು, ತೊಯ್ಯೂದು ಕುರಿನ.”

ನಾವಿಬ್ಬರೂ ನಕ್ಕು ನಕ್ಕು ಆ ದಾಖಲೆಯಲ್ಲಿ ನಮ್ಮ ನಗೆಯೂ ಸೇರಿತು, ಮತ್ತೆ ಮಾಡಬೇಕಾಯಿತು. ಹೀಗೆ ನೂರಾರು ವಾಕ್ಯ. ಅವುಗಳಿಂದ ಕಲಿತ ನಮ್ಮ ‘ದನಿ’ ಮೊದಲ ಸಲ ಬಾಯಿ ಬಿಟ್ಟಾಗ ಅದು ಸಿದ್ದಪ್ಪ ಕಾಕಾನ ಕಂಠದಲ್ಲೇ ಮಾತಾಡಿತು. ಫೋನಿಗೆ ಬಂದ ಹವಾಮಾನದ ಸುದ್ದಿ, ಪಶು ದವಾಖಾನೆಯ ಸೂಚನೆ ಎಲ್ಲ ಆತನಿಗೆ ಆತನ ಮಾತಿನಲ್ಲೇ ಕೇಳಿಸಿತು. ಹೆಗಲ ಮೇಲಿನ ಮರಿ ಕೆಳಗಿಳಿಸಿ ಫೋನು ಕಿವಿಗೆ ಹಿಡಿದು, ಕಾಕಾ ಮತ್ತೆ ಮತ್ತೆ ಕೇಳಿದ. “ಇದು ನಮ್ಮಾಂವ ಐತಲ್ಲೋ” ಅಂದ. ಮಾಳವ್ವ ಆಚೆ ತಿರುಗಿ ನಿಂತಳು.

ಮುಂಗಾರು ಆ ಸಲ ಜೋರಾಗಿ ಹಿಡಿಯಿತು. ಎರಿ ಹೊಲ ಕೆಸರಾದರೆ ಕುರಿಯ ಗೊರಸು ಕೊಳೆಯುತ್ತದೆಂದು, ನಾಲ್ಕೈದು ಮನೆಯವರು ಕೂಡಿ ಹಿಂಡನ್ನು ಮೇಲಿನ ಮಡ್ಡಿಗೆ, ಕಲ್ಲುನೆಲಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಮಾಳವ್ವನ ಅಣ್ಣ ಜ್ವರದಿಂದ ಮಲಗಿದ್ದರಿಂದ ಸೂಟಿಯಲ್ಲಿ ಅವಳೇ ಅಪ್ಪನ ಜೊತೆ ಹೋದಳು. ನಾನೂ ಎರಡು ಮೂರು ದಿನ ಹೋಗಿ ಇದ್ದೆ. ಹೊತ್ತು ಮುಳುಗುವ ಮುಂಚೆ ಕಂಬಳಿ ಹಾಸಿ ಎಲ್ಲರೂ ಕೂತರು. ಮರುದಿನ ಹಳ್ಳ ದಾಟಿ ಆಚೆಯ ಮಡ್ಡಿಗೆ ಹೋಗಬೇಕೋ ಬೇಡವೋ ಎನ್ನುವುದು ಮಾತು. ಎಲ್ಲರಿಗಿಂತ ಹಿರಿಯನಾದ ಬೀರಜ್ಜ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುತ್ತ ಬಂದ.

“ಸಿದ್ದಪ್ಪಾ, ಏನಂತಿ?”

“ಹೂಂ.”

“ಮಾಳವ್ವಾ, ಏನಂತಿ?”

“ಹೂಂ, ಯಜ್ಜಾ.”

“ಲಗಮಣ್ಣಾ, ಏನಂತಿ?”

ಲಗಮಣ್ಣ ಎನ್ನುವವನು ನೆಲದ ಮೇಲಿನ ಹುಲ್ಲುಕಡ್ಡಿ ಮುರಿಯುತ್ತ ಕೂತ. ಏನೂ ಅನ್ನಲಿಲ್ಲ. ಬೀರಜ್ಜ ಸ್ವಲ್ಪ ಹೊತ್ತು ಕಾದ. ಆಮೇಲೆ ಮೊಣಕಾಲು ಹಿಡಿದು ಎದ್ದ. “ಆತು, ನಾಳಿ ನೋಡೂಣು.” ಕಂಬಳಿ ಝಾಡಿಸಿದರು. ಕೂಟ ಮುಗಿದೇಹೋಯಿತು.

ನನಗೆ ತಡೆಯಲಾಗಲಿಲ್ಲ. “ಅಲ್ಲಲೇ, ಆತ ಏನೂ ಹೇಳಲೇ ಇಲ್ಲಲ್ಲ?”

“ಹೇಳಿದ್ನಲ್ಲ” ಅಂದಳು ಮಾಳವ್ವ. “ಹಿರ್ಯಾರ ಮುಂದ ಒಲ್ಲೆ ಅಂತ ಬಾಯಿ ಬಿಟ್ಟ ಹೆಂಗ ಅನ್ನೂದು? ಹೂಂ ಅನ್ನಾಕ ಬಾಯಿ ಬೇಕು. ಒಲ್ಲೆ ಅನ್ನಾಕ ಸುಮ್ಮನ ಕುಂತ್ರ ಸಾಕು. ತಿಳಕೋತಾರ.”

“ಹಂಗಾದ್ರ ನಿದ್ದಿ ಹತ್ತಿದಾಂವನೂ ವಿರೋಧ ಮಾಡಿದಂಗ ಆತು ನಿಮ್ಮಲ್ಲಿ!”

“ಅದಕ್ಕ ಹೆಸರ ಹಿಡದ ಕೇಳೂದಲೇ, ಶಾಣ್ಯಾಕಿ. ನಿದ್ದಿ ಹತ್ತಿದಾಂವನ್ನ ಎಬ್ಬಿಸಿ ಕೇಳ್ತಾರ.”

ಮರುದಿನ ಗೊತ್ತಾಯಿತು: ಲಗಮಣ್ಣನ ಒಂದು ಕುರಿಗೆ ಮರಿ ಹಾಕುವ ಹೊತ್ತು ಬಂದಿತ್ತು, ಹಳ್ಳ ದಾಟುವ ಹಾಗಿರಲಿಲ್ಲ. ಒಂದು ದಿನ ಎಲ್ಲರೂ ಕಾದರು. ಕುರಿ ಮರಿ ಹಾಕಿತು. ಆಮೇಲೆ ಹಳ್ಳ ದಾಟಿದರು. ನಾನು ಅದನ್ನು ನೋಡಿದೆ. ತಮಾಷೆಯ ಸಂಗತಿ ಎಂದು ಹುಕ್ಕೇರಿಗೆ ಬಂದು ಅಪ್ಪನಿಗೆ ಹೇಳಿಯೂ ಹೇಳಿದೆ. ಆದ್ದರಿಂದ ಮುಂದೆ ನಡೆದದ್ದಕ್ಕೆ ‘ನನಗೆ ಗೊತ್ತಿರಲಿಲ್ಲ’ ಎನ್ನುವ ವಾದ ನನಗೆ ದಕ್ಕುವುದಿಲ್ಲ.

ಅದೇ ಹೊತ್ತಿಗೆ ದೂರದ ಊರಿನ ಒಬ್ಬ ಕಣ್ಣು ಕಾಣದ ಮಾಸ್ತರರು ನಮ್ಮ ಪುಟದಲ್ಲಿ ಬರೆದರು. ನಿಮ್ಮ ಫೋನು ‘ಇದೆ’ ಎಂದು ಬರೆದಿದ್ದರೆ ‘ಐತಿ’ ಎಂದು ಓದುತ್ತದೆ. ನಾನು ಮಕ್ಕಳಿಗೆ ಬರೆಸುವ ವಾಕ್ಯದಲ್ಲಿ ಏನಿದೆ ಎನ್ನುವುದು ನನಗೇ ತಿಳಿಯದಂತಾಗಿದೆ. ನ್ಯಾಯವಾದ ಮಾತು. ಗುಂಪಿನ ಇನ್ನೊಬ್ಬರು ಪುಸ್ತಕದ ಕನ್ನಡದಲ್ಲಿ ಅಚ್ಚುಕಟ್ಟಾಗಿ ಓದಿದ ವಾಕ್ಯಗಳನ್ನು ಆಗಲೇ ಸೇರಿಸಿದ್ದರು. ಎರಡೂ ಬೆರೆತು ‘ದನಿ’ ಅರ್ಧ ವಾಕ್ಯ ಕಚೇರಿಯವರಂತೆ, ಅರ್ಧ ವಾಕ್ಯ ಕುರಿಗಾರನಂತೆ ತೊದಲುತ್ತಿತ್ತು. ಏನಾದರೂ ಮಾಡಲೇಬೇಕಿತ್ತು.

ನಾನು ಪ್ರಸ್ತಾಪ ಬರೆದೆ: ಸಿದ್ದಪ್ಪನವರ ದಾಖಲೆಗಳನ್ನು ತೆಗೆದು, ಪುಸ್ತಕದ ಕನ್ನಡದ ಒಂದೇ ದನಿ ಉಳಿಸೋಣ. ನಾಲ್ಕು ಕಾರಣ ಕೊಟ್ಟೆ. ಯಾರಾದರೂ ಎತ್ತಬಹುದಾದ ಆಕ್ಷೇಪಗಳನ್ನು ನಾನೇ ಎತ್ತಿ ನಾನೇ ಉತ್ತರಿಸಿದೆ. ಎರಡು ದನಿಗಳನ್ನು ಬೇರೆಬೇರೆ ಇಡಬಹುದಲ್ಲ? ಇಡಬಹುದು, ಆದರೆ ಅದಕ್ಕೆ ಇನ್ನೂ ಒಂದು ತಿಂಗಳ ಕೆಲಸ ಹಿಡಿಯುತ್ತದೆ, ಮಾಸ್ತರರನ್ನು ಅಲ್ಲಿಯವರೆಗೆ ಕಾಯಿಸುವುದು ಅನ್ಯಾಯ. ಬರೆದು ಮುಗಿಸಿ ಓದಿಕೊಂಡೆ. ಎಲ್ಲೂ ಒಂದು ಸಂದು ಬಿಟ್ಟಿರಲಿಲ್ಲ. ಹೆಮ್ಮೆಯಾಯಿತು. ಮಾಳವ್ವ ಆಗ ಮಡ್ಡಿಯಲ್ಲಿದ್ದಳು.

ಒಂದು ದಿನ ಹೋಯಿತು, ಎರಡು ಹೋಯಿತು. ಪುಟದಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ. ಅಷ್ಟುದ್ದ ವಾದ ಓದಿ ಉತ್ತರ ಬರೆಯುವ ಹುರುಪು ಯಾರಿಗಿರುತ್ತದೆ? ಮೂರನೆಯ ದಿನ ಮಧ್ಯಾಹ್ನ ಶಿವಾನಂದಣ್ಣನ ಫೋನು ಬಂತು.

“ಸುಜಾತಾ, ಮಾಳವ್ವ ಏನೂ ಬರದಿಲ್ಲಲ್ಲವಾ?”

“ಬರದಿಲ್ಲ.”

“ಒಂದ ಮಾತ ಫೋನ ಮಾಡಿ ಕೇಳೂಣೇನು? ಅವರಪ್ಪನ ದನಿ ಐತಿ ಅದು.”

“ನಿಯಮ ಎಲ್ಲಾರಿಗೂ ಒಂದ ಇರಬೇಕಲ್ಲ ಅಣ್ಣಾ. ಆಕಿಗಷ್ಟ ಫೋನ ಮಾಡಿ ಕೇಳಿದ್ರ ಮತ್ತ ಹಳೇ ಅಂಗಡಿ ಕಟ್ಟಿನ ಆತು. ನಾಳಿ ಇನ್ನೊಬ್ಬರು, ನಮ್ಮನ್ಯಾಕ ಕೇಳಲಿಲ್ಲ ಅಂತಾರ.”

“ಅದೂ ಖರೆ” ಅಂದ. ಚಾ ಗ್ಲಾಸು ಕೆಳಗಿಟ್ಟ ಸದ್ದು ಕೇಳಿಸಿತು. “ನೀ ಹೇಳಿದಂಗ ಆಗಲಿ” ಅಂದ.

ಸಂಜೆ ದಾಖಲೆಗಳನ್ನು ತೆಗೆದೆವು. ಮಾಸ್ತರರು ಧನ್ಯವಾದ ಬರೆದರು. ನಿಯಮ ಸರಿಯಾಗಿ ಕೆಲಸ ಮಾಡಿತ್ತು.

ಒಂದು ವಾರದ ಮೇಲೆ ಮಾಳವ್ವನ ಸಾಲು ಬಂತು. ‘ನಮ್ಮಪ್ಪನ ದನಿ ಬಳಸಲು ಕೊಟ್ಟ ಅನುಮತಿಯನ್ನು ವಾಪಸು ತೆಗೆದುಕೊಂಡಿದ್ದೇನೆ. ಇನ್ನು ಎಲ್ಲಿಯೂ ಬಳಸಬಾರದು.’ ಅಷ್ಟೇ. ಗುಂಪಿನಿಂದ ತನ್ನ ಹೆಸರನ್ನೂ ತೆಗೆದಿದ್ದಳು. ನಾನೇನು ಮಾಡಿದೆ ಗೊತ್ತೇ? ಅದರ ಕೆಳಗೆ ಮತ್ತೆ ವಾದ ಬರೆದೆ. ಮೂರು ದಿನ ಅವಕಾಶವಿತ್ತು, ಆಕ್ಷೇಪವಿದ್ದರೆ ಆಗಲೇ ಹೇಳಬಹುದಿತ್ತು, ಒಂದನೆಯದಾಗಿ, ಎರಡನೆಯದಾಗಿ. ಅದು ಈಗಲೂ ಪುಟದಲ್ಲಿದೆ. ನಮ್ಮಲ್ಲಿ ಬರೆದದ್ದು ಯಾವುದೂ ಅಳಿಯುವುದಿಲ್ಲ.

ಸೂಟಿ ಮುಗಿದು ಕಾಲೇಜಿಗೆ ಬಂದಾಗ ಅವಳು ಬೇರೆ ಕೋಣೆಗೆ ಹೋಗಿದ್ದಳು. ಹಿಂದೆ ನಮ್ಮವ್ವ ಅವಳಿಗೆಂದು ಕರದಂಟು ತುಂಬಿ ಕೊಟ್ಟಿದ್ದ ಸ್ಟೀಲಿನ ಡಬ್ಬಿಯನ್ನು ತೊಳೆದು, ಒರೆಸಿ, ನನ್ನ ಮಂಚದ ಮೇಲೆ ಇಟ್ಟಿದ್ದಳು. ನಾನು ಮನೆಗೆ ಒಯ್ದಾಗ ಅವ್ವ ಮುಚ್ಚಳ ತೆಗೆದು ನೋಡಿ ನನ್ನ ಮುಖ ನೋಡಿದಳು. ನಮ್ಮ ಕಡೆ ಡಬ್ಬಿಯನ್ನು ಬರಿದಾಗಿ ಯಾರೂ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. “ಯಾಕ ಸುಜಾತಾ, ಏನಾತ?” ಅಂದಳು. ನಾನು ಡಬ್ಬಿಗೆ ಮುಚ್ಚಳ ಹಾಕಿ ಒಳಗಿಟ್ಟೆ. ಆ ಡಬ್ಬಿಯಲ್ಲಿ ಅವ್ವ ಇವತ್ತಿಗೂ ಏನೂ ತುಂಬಿಲ್ಲ.

ಉಳಿದ ವರ್ಷ ಪರೀಕ್ಷೆಯ ಕೋಣೆಯಲ್ಲಿ ಅವಳ ಜಡೆ ನೋಡುತ್ತ ಕಳೆಯಿತು. ಅವಳ ಸಂಖ್ಯೆ ನನಗಿಂತ ಮುಂದಿತ್ತು. ಈಗ ಅವಳು ಗೋಕಾಕದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಾನಿರುವುದು ಹುಕ್ಕೇರಿಯಲ್ಲಿ. ನಡುವೆ ಒಂದು ಬಸ್ಸಿನ ದೂರ. ಇಷ್ಟು ವರ್ಷ ಆ ಬಸ್ಸು ಹತ್ತಲು ನನಗೊಂದು ಕಾರಣ ಬೇಕಿತ್ತು. ಅವಳಿಗೆ ಅಲ್ಲಿ ನೆಟ್‌ವರ್ಕ್ ಸಿಕ್ಕಿರಲಿಕ್ಕಿಲ್ಲ, ಓದಿರಲಿಕ್ಕಿಲ್ಲ, ಇದು ಯಾರ ತಪ್ಪೂ ಅಲ್ಲ ಎಂದು ನನ್ನ ಪರವಾಗಿ ನಾನೇ ವಾದಿಸಿಕೊಂಡು ಬದುಕಿದ್ದೆ.

ಹೋದ ತಿಂಗಳು ಟಂಟಂ ಇಳಿದಾಗ ಸಿದ್ದಪ್ಪ ಕಾಕಾ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತ ಕೂತಿದ್ದ. ಗುರುತು ಹಿಡಿದ. “ಬಾರವಾ ಹುಕ್ಕೇರಿ! ಬಾಯಿ ಐತೋ, ಸವದೈತೋ?” ಎಂದು ನಕ್ಕು, ಒಳಗೆ ಚಾಕ್ಕೆ ಹೇಳಿದ. ಕಂಬಳಿ ಹಾಸಿದ. ಕೂತೆ. ಅದೇ ವಾಸನೆ.

“ಫೋನ ಕೇಳ್ತೀರೇನ ಕಾಕಾ ಈಗ?”

“ಇಲ್ಲವಾ. ಮೊದಲ ಅದು ನಮ್ಮಂಗ ಮಾತಾಡ್ತಿತ್ತು. ಒಮ್ಮಿಂದೊಮ್ಮಿಗೆ ಸಾಹೇಬ್ರಂಗ ಮಾತಾಡಾಕ ಹತ್ತಿತು. ನಾ ಏನರ ತಪ್ಪ ಒತ್ತಿದೆನೋ ಅನಕೊಂಡೆ. ಭಾಳ ದಿವಸ ಹಂಗ ಅನಕೊಂಡಿದ್ದೆ.”

ಕೇಳಬಾರದ್ದನ್ನು ಕೇಳಿದೆ. “ಆವಾಗ ಮಡ್ಡಿ ಮ್ಯಾಲ ನೆಟ್‌ವರ್ಕ್ ಇರಲಿಲ್ಲಲ್ಲ ಕಾಕಾ?”

“ಕೆಳಗ ಇರಲಿಲ್ಲ. ಆಕಿ ದಿನಾ ಗುಡ್ಡ ಹತ್ತಿ ನೋಡಿ ಬರತಿದ್ಳು. ನೀ ಬರದಿದ್ದನ್ನ ನನಗೂ ಓದಿ ಹೇಳಿದ್ಳು. ಚಲೋ ಬರದಿದ್ದಿ ಬಿಡವಾ, ವಕೀಲರಂಗ.” ಉಣ್ಣೆಯೊಳಗಿನ ಮುಳ್ಳು ಆರಿಸಿ ತೆಗೆದ. “ನಾ ಅಂದೆ, ಏನರ ನಾಕ ಅಕ್ಷರ ಬರದ ಹಾಕವಾ. ಆಕಿ ಅಂದ್ಳು, ಬರಿಯೂದ ಬ್ಯಾಡ ಯಪ್ಪಾ, ಉಳದವರ ಮಾತ ಬ್ಯಾರೆ, ಸುಜಾತಾ ನಮ್ಮ ಕಂಬಳಿ ಮ್ಯಾಲ ಕುಂತ ಹೋಗ್ಯಾಳ. ಆಕಿಗೆ ತಿಳೀತೈತಿ.”

ಚಾ ಬಂತು. ಕುಡಿಯಲಿಲ್ಲ. ಕಾಕಾ ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಆ ಸಂಜೆ ಮೂಡಲಗಿಗೆ ಹೋಗಿ ಶಿವಾನಂದಣ್ಣನ ಅಂಗಡಿ ಮುಂದೆ ನಿಂತೆ. “ಎಲ್ಲಾರೂ ಕೂಡೇ ಮಾಡೇವಿ ಅಂತ ಯಾಕ ಹೇಳ್ಕೋತ ಅಡ್ಡಾಡ್ತೀರಿ ಅಣ್ಣಾ? ನೀವು ಆಕಿಗೆ ಫೋನ ಮಾಡೂಣು ಅಂದ್ರಿ. ಬ್ಯಾಡ ಅಂದಾಕಿ ನಾನು.”

ಅವನು ಬಿಚ್ಚಿಟ್ಟ ಫೋನಿನಿಂದ ಕಣ್ಣು ಎತ್ತಲಿಲ್ಲ. “ಮತ್ತೇನ ಹೇಳ್ಲವಾ? ನಿನ್ನ ಹೆಸರ ಹೇಳ್ಲೇನು?”

ನಮ್ಮ ತಂತ್ರಾಂಶದ ಲೋಕದ ದೊಡ್ಡ ಹೆಮ್ಮೆಯೆಂದರೆ ಯಾವುದನ್ನು ಬೇಕಾದರೂ ಹಿಂದಕ್ಕೆ ತರಬಹುದು. ಹಳೆಯ ಪ್ರತಿ ಎಲ್ಲಿಯೂ ಹೋಗಿರುವುದಿಲ್ಲ. ಎರಡು ದನಿಗಳನ್ನು ಬೇರೆಬೇರೆ ಇಡುವ ಕೆಲಸ, ಅಂದು ಒಂದು ತಿಂಗಳು ಹಿಡಿಯುತ್ತದೆ ಎಂದು ನಾನು ತಳ್ಳಿಹಾಕಿದ ಕೆಲಸ, ಈಗ ಕೂತು ಮುಗಿಸಿದೆ. ಮಾಸ್ತರರಿಗೆ ಪುಸ್ತಕದ ದನಿ, ಬೇಕಾದವರಿಗೆ ಸಿದ್ದಪ್ಪ ಕಾಕಾನದು. ಎರಡು ವಾರ ಹಿಡಿಯಿತು. ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ಕಾಕಾನ ದನಿಯನ್ನು ಮರಳಿ ತರೋಣ ಎಂದು ಪ್ರಸ್ತಾಪ ಬರೆದೆ, ಈ ಸಲ ಒಂದೇ ಸಾಲಿನಲ್ಲಿ, ಕಾರಣ ಕೊಡದೆ. ಗುಂಪಿನವರೆಲ್ಲ ಹೂಂ ಎಂದು ಬರೆದರು. ಮಾಳವ್ವನಿಗೂ ಅದನ್ನು ಕಳಿಸಿದೆ. ಓದಿದ್ದಾಳೆ ಎಂದು ಫೋನು ತೋರಿಸುತ್ತದೆ.

ಮೂರು ದಿನ ಮುಗಿದು ನಾಲ್ಕನೆಯದು ಹಿಡಿದಾಗ ಶಿವಾನಂದಣ್ಣ ಕೇಳಿದ, “ನಿಯಮದ ಪ್ರಕಾರ ಆತಲ್ಲ ಸುಜಾತಾ, ಒತ್ತಲೇನು?”

“ಬ್ಯಾಡ ಅಣ್ಣಾ.”

“ಮತ್ತ ಯಾಕ? ಯಾರೂ ಬ್ಯಾಡ ಅಂದಿಲ್ಲಲ್ಲ.”

“ಒಬ್ಬಾಕಿ ಮಾತಾಡಿಲ್ಲ.”

ಅವನು ಗುಂಡಿ ಒತ್ತಲಿಲ್ಲ. ಹೊರಗೆ ಇನ್ನೂ ಮಳೆ ಹಿಡಿದಿದೆ. ಮಮದಾಪುರದ ಹಿಂಡು ಈ ವಾರ ಮಡ್ಡಿಗೆ ಹೋಗಿರಬೇಕು, ಕಾಕಾನ ಫೋನು ಗೂಟಕ್ಕೆ ನೇತುಬಿದ್ದು ಸಾಹೇಬರ ಮಾತು ಆಡುತ್ತಿರಬೇಕು. ನನ್ನ ಆ ಹಳೆಯ ಪ್ರಸ್ತಾಪ, ಅದರ ನಾಲ್ಕು ಕಾರಣ, ಅದರ ಕೆಳಗಿನ ಮೂರು ದಿನದ ಖಾಲಿ ಜಾಗ, ಎಲ್ಲ ಪುಟದಲ್ಲಿ ಹಾಗೇ ಇವೆ. ಅಲ್ಲಿಗೇ ಹೋಗಿ, ಅಂದೇ ಬರೆಯಬೇಕಾಗಿದ್ದ ಒಂದು ಸಾಲನ್ನು ಅವಳ ಹೆಸರು ಹಿಡಿದು ಬರೆದು ಬಂದಿದ್ದೇನೆ:

ಮಾಳವ್ವಾ, ಏನಂತಿ?